ಗಡಿಯಾಚೆ ಕೇಳಿಸದ ಕೂಗು

ಟೋನಿ ಹೋರ್ 1980ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಪಡೆದಾಗ ಮಾಡಿದ ಭಾಷಣ ‘ದಿ ಎಂಪರರ್ಸ್ ಓಲ್ಡ್ ಕ್ಲೋತ್ಸ್’. ಕಂಪ್ಯೂಟರ್ ವಿಜ್ಞಾನದವರು ಅದನ್ನು ತಮ್ಮ ಪಠ್ಯವೆಂದುಕೊಂಡಿದ್ದಾರೆ. ನಾನು ಅದನ್ನು ಒಳ್ಳೆಯ ಗದ್ಯವೆಂದೇ ಓದುತ್ತೇನೆ. ಪ್ರಶಸ್ತಿಯ ವೇದಿಕೆಯಲ್ಲಿ ನಿಂತು ತನ್ನ ಸೋಲುಗಳನ್ನೇ ಕಥೆಯಾಗಿಸಿ ಹೇಳಿದವರು ಕಡಿಮೆ.

ಅದರಲ್ಲೊಂದು ಸಣ್ಣ ಪ್ರಸಂಗ ಬರುತ್ತದೆ. ಅರವತ್ತರ ದಶಕದಲ್ಲಿ ಎಲಿಯಟ್ ಕಂಪನಿಗೆ ಹೋರ್ ತಂಡ ಬರೆದ ಆಲ್ಗಾಲ್ ಕಂಪೈಲರು, ಅರೇಯ ಪ್ರತಿಯೊಂದು ಇಂಡೆಕ್ಸೂ ಮಿತಿಯೊಳಗಿದೆಯೇ ಎಂದು ಪ್ರೋಗ್ರಾಮ್ ಓಡುವಾಗಲೇ ನೋಡುತ್ತಿತ್ತು. ಹತ್ತು ಮನೆಗಳ ಬೀದಿಯಲ್ಲಿ ಹನ್ನೊಂದನೆಯ ಮನೆ ಕೇಳಿದರೆ ಅಲ್ಲೇ ತಡೆ. ವೇಗಕ್ಕಾಗಿ ಈ ತಪಾಸಣೆ ಬೇಡವೆನ್ನುವ ಆಯ್ಕೆ ಕೊಡೋಣವೇ ಎಂದು ವರ್ಷಗಳ ನಂತರ ಕೇಳಿದಾಗ, ಗ್ರಾಹಕರೆಲ್ಲ ಒಕ್ಕೊರಲಿನಿಂದ ಬೇಡವೆಂದರಂತೆ. ಭಾಷಣದ ನೈತಿಕ ಬಲವೆಲ್ಲ ಈ ಪ್ರಸಂಗದಲ್ಲಿದೆ. ಅದರ ಮಿತಿಯೂ ಇಲ್ಲೇ ಇದೆ: ಇಲ್ಲಿ ಒಂದು ಪ್ರೋಗ್ರಾಮಿಗೆ ಒಂದೇ ಭಾಷೆ.

ಇಂದಿನ ಪ್ರೋಗ್ರಾಮು ಬಹುಭಾಷಿಕ. ಇಂಡೆಕ್ಸ್ ಜಾಗದಲ್ಲಿ -1 ಬರೆದು ನೋಡಿ. ಪೈಥಾನ್ ಕೊನೆಯ ಅಂಶವನ್ನು ಕೊಡುತ್ತದೆ. ಜಾವಾಸ್ಕ್ರಿಪ್ಟ್ ‘ಅನ್‌ಡಿಫೈನ್ಡ್’ ಎಂದು ಮುಂದೆ ಹೋಗುತ್ತದೆ. ಜಾವಾ ಎಕ್ಸೆಪ್ಷನ್ ಎಸೆಯುತ್ತದೆ. ಸಿ ಭಾಷೆಯಲ್ಲಿ ಏನಾಗುತ್ತದೆಂಬ ಭರವಸೆಯೇ ಇಲ್ಲ. ಹಿಂದಿಯ ‘ಉಪನ್ಯಾಸ’ವನ್ನು ಹಾಗೇ ಕನ್ನಡಕ್ಕೆ ತಂದರೆ ಕಾದಂಬರಿ ಹೋಗಿ ಭಾಷಣವಾಗುತ್ತದಲ್ಲ, ಅಂಥದೇ ಅಪಾಯ. ವ್ಯತ್ಯಾಸವೆಂದರೆ, ಅಲ್ಲಿ ಓದುಗನಾದರೂ ಹುಬ್ಬೇರಿಸುತ್ತಾನೆ.

ಜಾವಾ ಮತ್ತು ಸಿ ನಡುವಿನ ಜೆಎನ್‌ಐ ಎಂಬ ಸೇತುವೆಯನ್ನೇ ನೋಡೋಣ. ಸಿ ಕಡೆಯಿಂದ ಜಾವಾ ಅರೇಯ ಒಂದು ಭಾಗವನ್ನು ತಪ್ಪು ಇಂಡೆಕ್ಸಿನಿಂದ ಕೇಳಿದರೆ ಎಕ್ಸೆಪ್ಷನ್ ಹುಟ್ಟುತ್ತದೆ ನಿಜ. ಆದರೆ ಸಿ ಕೋಡ್ ನಿಲ್ಲುವುದಿಲ್ಲ. ತಾನಾಗಿ ತಿರುಗಿ ನೋಡದಿದ್ದರೆ ತನ್ನ ಮುಂದಿನ ಸಾಲಿಗೆ ಹೋಗುತ್ತದೆ. ಕೂಗಿದ್ದು ಜಾವಾದಲ್ಲಿ, ಕೇಳಿಸಿಕೊಳ್ಳಬೇಕಾದವರು ಸಿಯಲ್ಲಿ. ಇನ್ನು ಅರೇಯ ನೇರ ಪಾಯಿಂಟರನ್ನೇ ಪಡೆದುಕೊಂಡರಂತೂ ಕೂಗೂ ಇಲ್ಲ.

ಇದು ಪಂಡಿತರ ತಕರಾರಲ್ಲ. 2014ರಲ್ಲಿ ಬಯಲಾದ ಹಾರ್ಟ್‌ಬ್ಲೀಡ್ ದೋಷ ಇದರ ಹತ್ತಿರದ ಬಂಧು. ಸಿಯಲ್ಲಿ ಬರೆದ ಓಪನ್‌ಎಸ್‌ಎಸ್‌ಎಲ್, ಎದುರಿನವರು ಹೇಳಿದ ಉದ್ದವನ್ನು ನಂಬಿ, ಮಿತಿಯಾಚೆಯ ಮೆಮೊರಿಯನ್ನು ಒಂದು ಸಲಕ್ಕೆ 64 ಕಿಲೋಬೈಟ್‌ವರೆಗೆ ಓದಿ ಕಳಿಸುತ್ತಿತ್ತು. ಪಾಸ್‌ವರ್ಡುಗಳೂ ಗುಪ್ತ ಕೀಲಿಗಳೂ ಸೋರಬಹುದಾಗಿತ್ತು. ಮೇಲಿನ ವೆಬ್‌ಸೈಟನ್ನು ಎಷ್ಟೇ ಜಾಗ್ರತೆಯ ಭಾಷೆಯಲ್ಲಿ ಬರೆದಿದ್ದರೂ ಅಷ್ಟೇ.

ರಸ್ಟ್ ಭಾಷೆ ತಪ್ಪು ಇಂಡೆಕ್ಸ್ ಕಂಡರೆ ‘ಪ್ಯಾನಿಕ್’ ಆಗುತ್ತದೆ. ಆ ಪ್ಯಾನಿಕ್ ಸಿ ಗಡಿಯನ್ನು ದಾಟಿದರೆ ಏನಾಗುತ್ತದೆಂದು ಬಹುಕಾಲ ಖಚಿತವಿರಲಿಲ್ಲ. 2024ರ 1.81 ಆವೃತ್ತಿಯಿಂದ, ಸಿಗೆ ತೆರೆದಿಟ್ಟ ಫಂಕ್ಷನ್ನಿನಿಂದ ಅದು ಹೊರಬೀಳಹೊರಟರೆ ಇಡೀ ಪ್ರೋಗ್ರಾಮನ್ನೇ ನಿಲ್ಲಿಸಲಾಗುತ್ತದೆ. ಕಠೋರವೆನಿಸಬಹುದು, ನನಗೆ ಹೋರ್ ಅವರ ಗ್ರಾಹಕರು ಕೇಳಿದ್ದು ಇದನ್ನೇ ಅನ್ನಿಸುತ್ತದೆ. ಸರ್ವರ್ ನಿಲ್ಲಬಾರದು ಎನ್ನುವವರು ಪ್ಯಾನಿಕ್ಕನ್ನು ಗಡಿಯ ಈಚೆಗೇ ಹಿಡಿದು, ಅದನ್ನೊಂದು ದೋಷಸಂಖ್ಯೆಯಾಗಿಸಿ ಸಿಗೆ ದಾಟಿಸುತ್ತಾರೆ. ಆ ಸಂಖ್ಯೆಯನ್ನು ನೋಡುವ ಹೊಣೆ ಮತ್ತೆ ಸಿ ಬರೆಯುವವರದೇ.