ನೆಗ್ಗಿದ ತಂಬಿಗಿ

ಚಿತ್ರ ತೆಗೆಯಲು ಕೂತ ಹುಡುಗರಿಗೆ ನಮ್ಮ ಧಾರವಾಡದ ಕಡೆ ಸಿಗುವ ಮೊದಲ ಬುದ್ಧಿವಾದ ಒಂದೇ: "ಮೊದಲ ಪೂರ್ತಿ ಆಕಾರ ಹಗೂರಕ ಹಾಕ್ಕೋ. ತಪ್ಪಿದ್ರ ಅಳಸಾಕ ಬರ್ತದ. ಒಳಗಿಂದು ಆಮ್ಯಾಲ." ಕುಂದಗೋಳದಲ್ಲಿ ಕೇಳಿದರೂ ಇದೇ, ಅಣ್ಣಿಗೇರಿಯಲ್ಲಿ ಕೇಳಿದರೂ ಇದೇ. ಮೊಬೈಲಿನ ವಿಡಿಯೊಗಳಂತೂ ಒಂದು ಗುಂಡು, ಎರಡು ಮೊಟ್ಟೆ, ನಾಲ್ಕು ಗೆರೆ ಸೇರಿಸಿ ಆನೆ ಮಾಡಿ ಕೊಡುತ್ತವೆ. ಈ ಮಾತನ್ನು ಯಾರೂ ಪ್ರಶ್ನಿಸುವುದಿಲ್ಲ, ಯಾಕೆಂದರೆ ಪಳಗಿದ ಕೈಗೆ ಅದು ನಿಜ. ಹೊಸಬರಿಗೆ ಇದಕ್ಕಿಂತ ಕೆಟ್ಟ ಸಲಹೆ ಇನ್ನೊಂದಿಲ್ಲ ಎಂಬುದು ನನ್ನ ವಾದ. ಇಡೀ ಆಕಾರ ಹಾಕಬೇಕಾದರೆ ಇಡೀ ವಸ್ತುವನ್ನು ಮೊದಲೇ ನೋಡಿ ಮುಗಿಸಿರಬೇಕು. ಹೊಸಬರಿಗೆ ಇನ್ನೂ ಬಾರದ ವಿದ್ಯೆ ಅದೊಂದೇ. ಹಾಗಾಗಿ ಕಣ್ಣೆದುರಿನದನ್ನು ಬಿಟ್ಟು ತಲೆಯೊಳಗಿನದನ್ನು ಹಾಳೆಗೆ ಇಳಿಸುತ್ತಾರೆ.

ಒಂದು ತಂಬಿಗೆಯನ್ನೇ ತೆಗೆದುಕೊಳ್ಳಿ. ಡ್ರಾಯಿಂಗ್ ತರಗತಿಯ ಕ್ರಮ ಗೊತ್ತಿದ್ದದ್ದೇ: ನಡುವೆ ನೆಟ್ಟನೆಯ ಅಕ್ಷರೇಖೆ, ಬಾಯಿಗೊಂದು ಚಪ್ಪಟೆ ಸುತ್ತು, ತಳಕ್ಕೊಂದು, ಎಡಗಡೆಯ ಹೊಟ್ಟೆ ಹಾಕಿ ಅದರದೇ ಪಡಿಯಚ್ಚು ಬಲಗಡೆಗೆ. ಬರುವುದು ತಂಬಿಗೆಯೇ, ಆದರೆ ಯಾರ ಮನೆಯದೂ ಅಲ್ಲದ ತಂಬಿಗೆ. ದಿನಾ ಹೊಲಕ್ಕೆ ಹೋಗಿಬರುವ ತಾಮ್ರದ ತಂಬಿಗೆಯ ಹೊಟ್ಟೆ ಎಲ್ಲೋ ಒಂದು ಕಡೆ ನೆಗ್ಗಿರುತ್ತದೆ. ನೆಗ್ಗಿನ ಒಂದು ಅಂಚಿನಲ್ಲಿ ಬೆಳಕು ಕತ್ತರಿಸಿಟ್ಟ ಹಾಗೆ ನಿಂತಿರುತ್ತದೆ, ಇನ್ನೊಂದು ಅಂಚು ಎಲ್ಲಿ ಮುಗಿಯಿತೆಂದು ತಿಳಿಯದಂತೆ ನೆರಳಿಗೆ ಇಳಿದಿರುತ್ತದೆ. ಅಕ್ಷರೇಖೆಯಿಂದ ಹೊರಟವನಿಗೆ ಈ ನೆಗ್ಗು ಒಂದು ಕಿರಿಕಿರಿ. ಎರಡು ಬದಿ ಹೊಂದುವುದಿಲ್ಲವೆಂದು ಬಿಟ್ಟುಬಿಡುತ್ತಾನೆ, ಇಲ್ಲವೇ ಕೊನೆಗೆ ಮೇಲಿಂದ ಮೆತ್ತುತ್ತಾನೆ.

ಅವನು ನೆಗ್ಗಿನಿಂದಲೇ ಹೊರಡಲಿ. ಅದೊಂದನ್ನು ಪೆನ್ನಿನಲ್ಲಿ ಬರೆಯಲಿ. ಅಲ್ಲಿಂದ ಕಂಠಕ್ಕೆ ಎಷ್ಟು ದೂರ? ಎರಡು ನೆಗ್ಗಿನಷ್ಟು. ಬಲಗಡೆಯ ಅಂಚಿಗೆ? ಒಂದೂವರೆ. ಹೀಗೆ ಒಂದರಿಂದ ಒಂದಕ್ಕೆ ಅಳೆಯುತ್ತ ಹೋದರೆ ಹೊರಗೆರೆ ಎಲ್ಲಕ್ಕಿಂತ ಕಡೆಗೆ ಸಿಗುತ್ತದೆ. ವಾರೆಯಾಗಿಯೇ ಸಿಗಬಹುದು. ಆದರೆ ಮನೆಯವರು ಅದನ್ನು ತಮ್ಮ ತಂಬಿಗೆಯೆಂದು ಗುರುತು ಹಿಡಿಯುತ್ತಾರೆ.

ಇದು ನನ್ನ ಶೋಧವಲ್ಲ. ಕಸೂತಿಯಲ್ಲಿ ಬಟ್ಟೆಯ ಮೇಲೆ ನಕ್ಷೆ ಬರೆದುಕೊಳ್ಳುವ ವಾಡಿಕೆಯೇ ಇಲ್ಲ. ಇಳಕಲ್ ಸೀರೆಯ ಸೆರಗಿನಲ್ಲಿ ಎಳೆ ಎಣಿಸಿ, ಗಂಟು ಹಾಕದೆ ಸೂಜಿ ಚುಚ್ಚಿದಲ್ಲಿಗೆ ಗೋಪುರ ಶುರುವಾಯಿತು. ಅದರ ಗವಂತಿ ಹೊಲಿಗೆಯಲ್ಲಿ ಸೂಜಿ ಒಂದಿಷ್ಟು ಎಳೆ ಹಿಡಿದು ಒಂದಿಷ್ಟು ಬಿಟ್ಟು ಸಾಗುತ್ತದೆ, ಬಿಟ್ಟ ತೆರವನ್ನು ಮರಳಿ ಬರುವಾಗ ತುಂಬುತ್ತದೆ. ಕಡೆಗೆ ಹೊರಟಲ್ಲಿಗೇ ಬಂದು ಕೂಡಬೇಕು, ಬಟ್ಟೆಯ ಎರಡೂ ಮೈ ಒಂದೇ ಥರ ಕಾಣಬೇಕು. ಎಳೆ ತಪ್ಪಿದರೆ ಆನೆಯ ಸೊಂಡಿಲು ಕೂಡುವುದಿಲ್ಲ. ಆಗ ಎಲ್ಲಿ ತಪ್ಪಿತೆಂದು ಹಿಂದಕ್ಕೆ ಎಣಿಸುತ್ತ ಹೋಗಬೇಕು. ಬಿಚ್ಚುವುದು ಏನಿದ್ದರೂ ಅದಾದ ಮೇಲೆ. ರಬ್ಬರು ಹಿಡಿದ ಹುಡುಗ ಮಾಡುವುದು ಇದರ ತಿರುವುಮುರುವು. ತಪ್ಪು ಎಲ್ಲಿದೆ ಎಂದು ತಿಳಿಯುವ ಮೊದಲೇ ಉಜ್ಜಿ ಹಾಕುತ್ತಾನೆ, ಮತ್ತೆ ಅದೇ ಗೆರೆ ಎಳೆಯುತ್ತಾನೆ, ಮತ್ತೆ ಉಜ್ಜುತ್ತಾನೆ, ಹಾಳೆ ಹರಿಯುತ್ತದೆ. ಮನೆಯವರ ತೀರ್ಪು ತಯಾರಾಗಿಯೇ ಇರುತ್ತದೆ: "ಅದು ಕೈಯಾಗ ಇರಬೇಕು ಬಿಡೋ." ಚಿತ್ರಕಲೆ ದೈವದತ್ತ ಎಂಬ ನಂಬಿಕೆಗೆ ಅರ್ಧ ಕಾರಣ ಈ ರಬ್ಬರೇ ಎಂದು ನನ್ನ ಗುಮಾನಿ.

ನವಲಗುಂದದಲ್ಲಿ ಜಮಖಾನದ ಮಗ್ಗದ ಮುಂದೆ ಕೂತ ಹೆಣ್ಣುಮಗಳಿಗೂ ಇಡೀ ಚಿತ್ರ ಎದುರಿಗೆ ಇರುವುದಿಲ್ಲ. ಕೆಳಗಿನ ಸಾಲು ಬಡಿದು ಕೂರಿಸದೆ ಮೇಲಿನ ಸಾಲಿಲ್ಲ.

ಹಾಗಾದರೆ ಹೊರಗೆರೆಯ ಶಾಸ್ತ್ರ ಎಲ್ಲಿಂದ ಬಂತು? ಹತ್ತೊಂಬತ್ತನೇ ಶತಮಾನದ ಲಂಡನ್ನಿನಿಂದ, ಸೌತ್ ಕೆನ್ಸಿಂಗ್‌ಟನ್ ಪದ್ಧತಿ ಎಂಬ ಹೆಸರಿನಲ್ಲಿ. ಅಲ್ಲಿನ ಕೈಗಾರಿಕೆಗೆ ಅಚ್ಚುಕಟ್ಟಾಗಿ ನಕ್ಷೆ ತೆಗೆಯುವ ಕೈಗಳು ಬೇಕಿದ್ದವು. ಅಚ್ಚಾದ ಹಾಳೆ ನೋಡಿ ಹೊರಗೆರೆ ನಕಲು ಮಾಡುವುದು ಮೊದಲ ಪಾಠ, ನೆರಳು ಆಮೇಲೆ, ನಿಜವಾದ ವಸ್ತು ಇನ್ನೂ ಆಮೇಲೆ. 1857ರಲ್ಲಿ ಶುರುವಾದ ಮುಂಬೈಯ ಜೆ.ಜೆ. ಕಲಾಶಾಲೆಗೂ ಆ ಪದ್ಧತಿ ಬಂತು. 1956ರವರೆಗೆ ಮುಂಬೈ ರಾಜ್ಯಕ್ಕೆ ಸೇರಿದ್ದ ಧಾರವಾಡ ಜಿಲ್ಲೆಗೆ ಅದು ಡ್ರಾಯಿಂಗ್ ಗ್ರೇಡ್ ಪರೀಕ್ಷೆಗಳ ಜೊತೆ ಇಳಿಯಿತು. ಧಾರವಾಡದಲ್ಲಿ ಕಲಾಶಾಲೆ ಕಟ್ಟಿದ ಡಿ.ವಿ. ಹಾಲಭಾವಿಯವರೂ ಜೆ.ಜೆ.ಯಲ್ಲಿ ಕಲಿತು ಬಂದವರೇ. ವರ್ಷಗಟ್ಟಲೆ ಕೂತು ಕಲಿತವರಲ್ಲಿ ಆ ಶಿಸ್ತು ಫಲ ಕೊಟ್ಟದ್ದನ್ನು ಅಲ್ಲಗಳೆಯಲಾಗದು. ನಮ್ಮ ಹಳ್ಳಿಯ ಶಾಲೆಗಳಿಗೆ ಮುಟ್ಟಿದ್ದು ಮಾತ್ರ ಅದರ ಮೊದಲ ಪಾಠ, ಅದೂ ವಾರಕ್ಕೊಂದು ಪಿರಿಯಡ್ಡಿನ ಲೆಕ್ಕದಲ್ಲಿ.

ಇಂಗ್ಲೆಂಡಿನಲ್ಲೇ ಈ ಪದ್ಧತಿಗೆ ವಿರೋಧವಿತ್ತು. ಜೆ.ಜೆ. ಶಾಲೆ ಶುರುವಾದ ವರ್ಷವೇ ಜಾನ್ ರಸ್ಕಿನ್ ಹೊಸಬರಿಗೆಂದು 'ದಿ ಎಲಿಮೆಂಟ್ಸ್ ಆಫ್ ಡ್ರಾಯಿಂಗ್' ಪುಸ್ತಕ ತಂದ. ಅದರ ಮೊದಲ ಪಾಠ ಯಾವ ವಸ್ತುವಿನ ಆಕಾರವೂ ಅಲ್ಲ, ಪೆನ್ನಿನಿಂದ ಒಂದು ಸಣ್ಣ ಚೌಕದೊಳಗೆ ಎಲ್ಲೂ ಏರುಪೇರಾಗದಂತೆ ಛಾಯೆ ತುಂಬುವುದು. ಅಮೆರಿಕದ ಚಿತ್ರಕಲಾ ಶಿಕ್ಷಕ ಕಿಮನ್ ನಿಕೊಲಾಯಿಡಿಸ್‌ನ ಪುಸ್ತಕ ಬಂದದ್ದು 1941ರಲ್ಲಿ. ಕಣ್ಣನ್ನು ವಸ್ತುವಿನ ಅಂಚಿನ ಒಂದು ಬಿಂದುವಿನಲ್ಲಿ ನೆಡು, ಪೆನ್ಸಿಲು ಅದನ್ನೇ ಮುಟ್ಟುತ್ತಿದೆ ಎಂದುಕೊ, ಹಾಳೆ ನೋಡದೆ ನಿಧಾನವಾಗಿ ಸಾಗು ಎನ್ನುತ್ತಾನೆ ಅವನು. ಗವಂತಿ ಹಾಕಿ ಗೊತ್ತಿದ್ದವರಿಗೆ ಈ ಪಾಠ ಅರ್ಧ ಬಂದೇ ಇದೆ.

ಗಟ್ಟಿ ಆಕ್ಷೇಪವೊಂದಿದೆ. ಬಟ್ಟೆಯಲ್ಲಿ ಎಣಿಸಲು ಎಳೆಯಿದೆ, ಬಿಳಿ ಹಾಳೆಯಲ್ಲಿ ಏನಿದೆ? ಮೇಲಾಗಿ ಕಸೂತಿಯವರಿಗೆ ಗೋಪುರ, ತೇರು, ನವಿಲು ಮೊದಲೇ ಬಾಯಿಪಾಠ. ಅವರು ನೋಡಿ ಬರೆಯುತ್ತಿಲ್ಲವಲ್ಲ? ಎರಡನೆಯದನ್ನು ಒಪ್ಪುತ್ತೇನೆ. ಕಸೂತಿ ನೋಡುವುದನ್ನು ಕಲಿಸದು, ಸಾಗುವುದನ್ನು ಕಲಿಸುತ್ತದೆ. ಮೊದಲನೆಯದಕ್ಕೆ ಕಸೂತಿಯವರಲ್ಲೇ ಉತ್ತರವಿದೆ. ಎಳೆ ಕಣ್ಣಿಗೆ ಸಿಗದ ನುಣುಪು ರೇಷ್ಮೆಯ ಮೇಲೆ ಅವರು ಒಂದು ಜಾಳು ಬಟ್ಟೆಯನ್ನು ಟಾಕಾ ಹಾಕಿ ಕೂರಿಸಿ, ಅದರ ಎಳೆ ಎಣಿಸಿ ಹೊಲಿಯುತ್ತಾರೆ. ಕೆಲಸ ಮುಗಿದ ಮೇಲೆ ಜಾಳಿನ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯುತ್ತಾರೆ. ಅಳತೆ ಇಲ್ಲದ ಕಡೆ ಅಳತೆ ತಂದುಕೊಳ್ಳಬೇಕು. ತಂಬಿಗೆಯ ನೆಗ್ಗು ಮಾಡಿದ್ದು ಅದನ್ನೇ.

ಕಣ್ಣಿನಿಂದ ಶುರುಮಾಡಿದ ಎತ್ತು ಹಾಳೆಯಲ್ಲಿ ಹಿಡಿಸದೆ ಕಾಲು ಹೊರಗೆ ಹೋಗುತ್ತದೆ ಎಂದೂ ಹೇಳುತ್ತಾರೆ. ಹೋಗುತ್ತದೆ, ನಿಜ. ಡ್ರಾಯಿಂಗ್ ಲೋವರ್ ಗ್ರೇಡ್ ಪರೀಕ್ಷೆಗೆ ಕೂತವನು ಹೀಗೆ ಮಾಡಿದರೆ ಅಂಕ ಕಳೆದುಕೊಳ್ಳುತ್ತಾನೆ. ಅವನು ಅಕ್ಷರೇಖೆಯನ್ನೇ ನೆಚ್ಚಲಿ. ಕಲಘಟಗಿ ತೊಟ್ಟಿಲಿನ ಪಟ್ಟಿಯಲ್ಲಿ ಕೃಷ್ಣನ ಕಥೆ ಕೂರಿಸುವ ಚಿತ್ರಗಾರನೂ ಜಾಗ ಮೊದಲೇ ಹಂಚಿಕೊಳ್ಳಬೇಕು, ಹಲಗೆ ಬೆಳೆಯುವುದಿಲ್ಲವಲ್ಲ. ಆದರೆ ಮನೆಯಲ್ಲಿ ದನದ ಗ್ವಾದಲಿಯ ಮುಂದೆ ಕೂತ ಹುಡುಗಿಗೆ ಅಂಥ ಕಟ್ಟು ಹಾಕಿದವರು ಯಾರು? ಎತ್ತು ಹೇಗೂ ಸುಮ್ಮನೆ ನಿಲ್ಲದು. ಇಡೀ ಮೈಯನ್ನು ಹಗೂರಕ ಗುರುತು ಹಾಕುವಷ್ಟರಲ್ಲಿ ಬೇರೆ ಕಡೆ ತಿರುಗಿರುತ್ತದೆ. ಕಣ್ಣು, ಕೋಡಿನ ಬುಡ, ಮೂಗುದಾರ, ಇಷ್ಟಾದರೂ ನೋಡಿ ಬರೆದದ್ದು ಕೈಗೆ ಸಿಗುತ್ತದೆ. ಕಾಲಿಗೆ ಜಾಗ ಸಾಲದಿದ್ದರೆ ಹಳೆಯ ನೋಟ್‌ಬುಕ್ಕಿನ ಇನ್ನೊಂದು ಹಾಳೆ ಹರಿದು ಕೆಳಗೆ ಅಂಟಿಸಿಕೊಂಡರಾಯಿತು.