ಹಾಸನ ಸೀಮೆಯ ಗದ್ಯದಲ್ಲಿ ಊಟ: ಬಡಿಸುವ ಕೈಯ ಪ್ರಶ್ನೆ

ಕಾವ್ಯವಿಚಾರದಲ್ಲಿ ನಾವು ನಿತ್ಯವೂ ಬಳಸುವ ರಸ, ರುಚಿ, ಪಾಕ, ಆಸ್ವಾದ, ಚರ್ವಣ ಎಂಬ ಮಾತುಗಳು ಊಟದ ಮನೆಯಿಂದ ಬಂದವೆಂಬುದು ನಮ್ಮ ವಿದ್ಯಾರ್ಥಿಗಳಿಗೆ ತಿಳಿಯದ ಸಂಗತಿಯೇನಲ್ಲ. ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಭರತನು ರಸದ ಸ್ವರೂಪವನ್ನು ವಿವರಿಸಲು ಹೊರಟಾಗ, ಬಗೆಬಗೆಯ ವ್ಯಂಜನಗಳಿಂದ ಸಂಸ್ಕಾರಗೊಂಡ ಅನ್ನವನ್ನು ಉಣ್ಣುವ ಸುಮನಸ್ಕರು ಅದರ ರುಚಿಯನ್ನು ಸವಿದು ಹರ್ಷಪಡುವ ದೃಷ್ಟಾಂತವನ್ನೇ ತರುತ್ತಾನೆ. ಈ ದೃಷ್ಟಾಂತವು ಉಣ್ಣುವವನ ಕಡೆಯಿಂದ ಹೇಳಿದುದು. ಅನ್ನವನ್ನು ಬೇಯಿಸಿದವರಾರು, ಪಂಕ್ತಿಯ ಕೊನೆಯ ಎಲೆಗೆ ಎಷ್ಟು ಉಳಿಯಿತು, ಬಡಿಸಿದವಳು ತಾನು ಉಂಡಳೆ ಎಂಬ ಪ್ರಶ್ನೆಗಳು ಅಲ್ಲಿ ಏಳುವುದಿಲ್ಲ. ಭರತನಿಗೆ ಅವು ಬೇಕಾಗಿಯೂ ಇರಲಿಲ್ಲ. ಆದರೆ ಊಟವೇ ವಸ್ತುವಾಗಿರುವ ಬರಹವನ್ನು ಪರಿಶೀಲಿಸುವಾಗಲೂ ನಾವು ಅದೇ ಮಣೆಯ ಮೇಲೆ ಕುಳಿತು, ಭಕ್ಷ್ಯಗಳ ವರ್ಣನೆ ಎಷ್ಟು ಸೊಗಸಾಗಿದೆಯೆಂಬುದನ್ನು ಮಾತ್ರ ನೋಡುತ್ತ ಬಂದಿದ್ದೇವೆ. ಇದು ಸಾಲದೆಂಬುದು ನಮ್ಮ ಅಭಿಪ್ರಾಯ. ಹಾಸನ ಜಿಲ್ಲೆಯಿಂದ ಬಂದ ಮೂವರು ಗದ್ಯಲೇಖಕರನ್ನು ಮುಂದಿಟ್ಟುಕೊಂಡು ಈ ಮಾತನ್ನು ಇಲ್ಲಿ ವಿಚಾರಿಸಲಾಗಿದೆ.

ಮೊದಲು ಸೀಮೆಯ ಮಾತು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚೆನ್ನರಾಯಪಟ್ಟಣಗಳ ಈ ನಾಡು ಮಲೆನಾಡಿಗೂ ಬಯಲಿಗೂ ನಡುವಣದು. ಪಶ್ಚಿಮಕ್ಕೆ ಸಕಲೇಶಪುರದ ಕಡೆ ಸರಿದಂತೆಲ್ಲ ಅಕ್ಕಿರೊಟ್ಟಿ, ಕಡುಬು. ಪೂರ್ವಕ್ಕೆ ಚೆನ್ನರಾಯಪಟ್ಟಣದ ಕಡೆ ನಡೆದಂತೆಲ್ಲ ರಾಗಿ, ತೆಂಗು. ನಡುವೆ ಹೇಮಾವತಿಯ ನೀರು ಹರಿದಲ್ಲಿ ಬತ್ತ. ದಿನದ ಊಟವೆಂದರೆ ಮುದ್ದೆ ಮತ್ತು ಸಾರು. ಆ ಸಾರಿನಲ್ಲಿಯೇ ಬಸ್ಸಾರು, ಮಸ್ಸೊಪ್ಪು, ಉಪ್ಪುಸಾರು ಎಂದು ಎಷ್ಟೋ ಬಗೆ. ಚಳಿಗಾಲಕ್ಕೆ ಸೊಗಡಿನ ಅವರೆಕಾಯಿ ಬಂದಾಗ ಹಿತಕಿದ ಬೇಳೆಯ ಸಾರು ಹಬ್ಬಕ್ಕೆ ಸಮಾನ. ಆ ಸಾರಿಗಾಗಿ ಮನೆಯ ಹೆಂಗಸರೂ ಮಕ್ಕಳೂ ಸುತ್ತ ಕುಳಿತು, ನೆನೆದ ಕಾಳನ್ನು ಒಂದೊಂದಾಗಿ ಹಿತುಕಿ ಸಿಪ್ಪೆ ಬಿಡಿಸಬೇಕು. ಹಿತುಕುವುದಕ್ಕೆ ಒಂದು ಸಂಜೆ ಬೇಕು, ಉಣ್ಣುವುದಕ್ಕೆ ಕಾಲು ಗಂಟೆ ಸಾಕು. ಯುಗಾದಿಯಂದು ಹೋಳಿಗೆ, ಮಾಂಸಾಹಾರಿಗಳ ಮನೆಗಳಲ್ಲಿ ಮರುದಿನ ಹೊಸತೊಡಕಿನ ಬಾಡೂಟ. ನಂಟರಿಷ್ಟರು ಸೇರುವುದು ಈ ಎರಡನೆಯ ದಿನವೇ ಹೆಚ್ಚು.

ಇಷ್ಟು ಸಮೃದ್ಧವಾದ ಪಾಕಪರಂಪರೆಯ ನೆರೆಯಲ್ಲಿ ಒಂದು ಪಾಕಶಾಸ್ತ್ರಗ್ರಂಥವೂ ಹುಟ್ಟಿದೆ. ಹದಿನಾರನೆಯ ಶತಮಾನದ ಆದಿಭಾಗದಲ್ಲಿದ್ದ, ಕಲ್ಲಹಳ್ಳಿಯ ಪ್ರಭುವೂ ಜೈನಕವಿಯೂ ಆದ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ವೇ ಅದು. ಹಿಟ್ಟಿನ ತಿಂಡಿ, ಪಾನಕ, ಅನ್ನದ ಬಗೆ, ಬದನೆ ಮೊದಲಾದ ಕಾಯಿಪಲ್ಲೆಯ ಪಾಕ ಎಂದು ವಿಂಗಡಿಸಿ, ಕ್ರಮವನ್ನು ಷಟ್ಪದಿಯಲ್ಲಿ ಹೇಳಿರುವುದು ಸಾಮಾನ್ಯ ಸಾಹಸವಲ್ಲ. ಆದರೆ ಶಾಸ್ತ್ರಕ್ಕೆ ಪಾಕವುಂಟು, ಮನೆಯಿಲ್ಲ. ಉಣ್ಣುವವರ ನಡುವಣ ಮೇಲುಕೀಳನ್ನು ಪದ್ಯಕ್ಕೆ ತಂದ ಕೃತಿ ಬೇಕೆಂದರೆ ಕನಕದಾಸರ ‘ರಾಮಧಾನ್ಯಚರಿತೆ’ಗೇ ಹೋಗಬೇಕು. ಅಲ್ಲಿ ರಾಗಿಗೂ ಬತ್ತಕ್ಕೂ ವಾದ ಬೆಳೆದು, ಶ್ರೀರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಸೆರೆಯಿಂದ ಸತ್ತ್ವಗುಂದದೆ ಹೊರಬರುವುದು ರಾಗಿ. ಧಾನ್ಯದ ನೆಪದಲ್ಲಿ ಯಾರ ಊಟ ಯಾವುದೆಂಬ ಪ್ರಶ್ನೆಯೇ ಅಲ್ಲಿ ವಿಚಾರಣೆಗೆ ಬಂದಿದೆ.

ಆಧುನಿಕ ಗದ್ಯಕ್ಕೆ ಬಂದರೆ ಈ ಸೀಮೆಯ ಹೆಸರನ್ನು ಮೊದಲು ಎತ್ತಿ ಹಿಡಿದವರು ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು (೧೯೦೪–೧೯೯೧). ‘ಹಳ್ಳಿಯ ಚಿತ್ರಗಳು’, ‘ನಮ್ಮ ಊರಿನ ರಸಿಕರು’, ‘ಹೇಮಾವತಿ’ ಮೊದಲಾದ ಕೃತಿಗಳಲ್ಲಿ ಅವರು ನದೀತೀರದ ಒಂದು ಗ್ರಾಮವನ್ನು ಕನ್ನಡಿಗರೆಲ್ಲರ ಊರನ್ನಾಗಿ ಮಾಡಿದರು. ‘ರಸಿಕರು’ ಎಂಬ ಹೆಸರೇ ಗಮನಾರ್ಹ. ಗೊರೂರರ ಲೋಕದಲ್ಲಿ ಊಟವೆಂಬುದು ಮಾತಿಗೆ ಅಂಟಿಕೊಂಡ ಸುಖ. ಜಗಲಿಯ ಹರಟೆ, ಹೊಳೆಯ ಸ್ನಾನ, ಪಂಕ್ತಿಯ ಪರಿಹಾಸ ಇವು ಒಂದೇ ಸಂಸ್ಕೃತಿಯ ಅಂಗಗಳು. ಓದುಗನನ್ನೂ ಪಕ್ಕದ ಎಲೆಗೆ ಕೂರಿಸಿಕೊಳ್ಳುವ ಅವರ ಆತಿಥ್ಯ ಕನ್ನಡ ಪ್ರಬಂಧಕ್ಕೆ ದೊಡ್ಡ ಲಾಭ. ಹಳ್ಳಿಯ ಬಡತನವನ್ನು ಅವರು ಕಾಣದವರಲ್ಲ. ಗಾಂಧೀವಾದಿಯಾಗಿ ಗ್ರಾಮಸೇವೆಗೆ ನಿಂತವರು. ಅವರ ‘ಭೂತಯ್ಯನ ಮಗ ಅಯ್ಯು’ ಕಥೆಯೂ ಸಾಲ, ಬಡ್ಡಿ, ಹಗೆಗಳ ಕಥೆಯೇ. (ಅದರ ಆಧಾರದ ಮೇಲೆ ೧೯೭೪ರಲ್ಲಿ ಬಂದ ಚಲನಚಿತ್ರದಲ್ಲಿ ಜನ ಇಂದಿಗೂ ನೆನೆಯುವುದು ಲೋಕನಾಥರು ಉಪ್ಪಿನಕಾಯಿ ತಿನ್ನುವ ದೃಶ್ಯವನ್ನು, ರುಚಿಯ ನೆನಪು ಹಗೆಯ ನೆನಪಿಗಿಂತ ಗಟ್ಟಿಯೆಂದು ತೋರುತ್ತದೆ.) ಆದರೂ ಹಾಸ್ಯಕ್ಕೆ ತನ್ನದೊಂದು ನಿಬಂಧನೆಯುಂಟು. ಹಸಿವು ಅಲ್ಲಿ ನೀಗಬಲ್ಲ ಹಸಿವಾಗಿರಬೇಕು. ಊಟ ತಡವಾಗಬಹುದು, ತಪ್ಪಬಾರದು. ತಪ್ಪಿತೆಂದರೆ ನಗೆ ನಿಲ್ಲುತ್ತದೆ. ಆದುದರಿಂದ ಪಂಕ್ತಿಯ ಹಿಂದಿನ ಒಲೆಯ ಕಡೆಗೆ ಆ ಗದ್ಯದ ಬೆಳಕು ಸಾಮಾನ್ಯವಾಗಿ ಹೊರಳುವುದಿಲ್ಲ.

ಆ ಒಲೆಯ ಮುಂದೆಯೇ ನಮ್ಮನ್ನು ಕೂರಿಸಿದ ಕೃತಿ ಎಸ್. ಎಲ್. ಭೈರಪ್ಪನವರ ‘ಗೃಹಭಂಗ’ (೧೯೭೦). ಚೆನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿ ೨೦೨೫ರಲ್ಲಿ ತೀರಿಕೊಂಡ ಈ ಕಾದಂಬರಿಕಾರರು ತಿಪಟೂರು, ಚೆನ್ನರಾಯಪಟ್ಟಣಗಳ ಸುತ್ತಿನ ತೆಂಗಿನ ಸೀಮೆಯನ್ನು ಇಲ್ಲಿ ಚಿತ್ರಿಸಿದ್ದಾರೆ. ಶ್ಯಾನುಭೋಗ ಚೆನ್ನಿಗರಾಯನಿಗೆ ಲೆಕ್ಕ ಬರೆಯಲು ಬಾರದು, ಉಣ್ಣಲು ಬರುತ್ತದೆ. ಲೆಕ್ಕವನ್ನು ಬರೆಯುವವಳು ಹೆಂಡತಿ ನಂಜಮ್ಮ. ಜಮೀನು ಕೈಬಿಟ್ಟ ಮೇಲೆ ಮಕ್ಕಳ ಹೊಟ್ಟೆಗೆ ದಾರಿ ಹುಡುಕುವವಳೂ ಅವಳೇ. ಅವಳು ಹಿಡಿಯುವ ದಾರಿ ಮುತ್ತುಗದ ಎಲೆ ಹಚ್ಚುವುದು.

ಈ ಒಂದು ವಿವರದ ಮೇಲೆ ನಾವು ಸ್ವಲ್ಪ ಹೊತ್ತು ನಿಲ್ಲಬೇಕಾಗಿದೆ. ಮುತ್ತುಗದ ಎಲೆಯನ್ನು ಕಾಡಿನಿಂದ ಕುಯ್ದು ತಂದು, ಸಣ್ಣ ಕಡ್ಡಿಗಳಿಂದ ಒಂದಕ್ಕೊಂದು ಚುಚ್ಚಿ, ದುಂಡಗೆ ಕೂಡಿಸಿ, ಒಣಗಿಸಿ, ಕಟ್ಟು ಕಟ್ಟಿ ಮಾರುವ ಕೆಲಸ ಅದು. ಒಂದು ಎಲೆಗೆ ಬರುವ ಹಣ ಅತ್ಯಲ್ಪ. ನೂರರ ಲೆಕ್ಕದಲ್ಲಿ ಹಚ್ಚಿದರೆ ಮಾತ್ರ ಕಾಸು ಕಾಣುತ್ತದೆ. ಆ ಎಲೆಗಳು ಹೋಗುವುದು ಎಲ್ಲಿಗೆ? ಮದುವೆಗೆ, ಮುಂಜಿಗೆ, ಸಮಾರಾಧನೆಗೆ. ಅಂದರೆ ಪ್ರಬಂಧಕಾರರು ವರ್ಣಿಸುವ ಆ ಪಂಕ್ತಿಗಳಿಗೇ. ಸಾವಿರ ಜನರ ಊಟದ ತಳವನ್ನು ಹಚ್ಚುವವಳ ಮನೆಯಲ್ಲಿ ಆ ರಾತ್ರಿಗೆ ಹಿಟ್ಟಿದೆಯೋ ಇಲ್ಲವೋ ಎಂಬುದು ನಿಶ್ಚಯವಿಲ್ಲ. ಭೈರಪ್ಪನವರು ಈ ವೈಷಮ್ಯವನ್ನು ಎತ್ತಿ ಹೇಳುವುದಿಲ್ಲ, ವ್ಯಂಗ್ಯವಾಡುವುದಿಲ್ಲ. ನಿತ್ಯದ ಕೆಲಸವಾಗಿ ನಡೆಸಿಕೊಂಡು ಹೋಗುತ್ತಾರೆ. ಹೀಗಾಗಿ ಔತಣದ ಎಲೆ ಎಂಬ ಪರಿಚಿತ ವಸ್ತು ನಮ್ಮ ಸಾಹಿತ್ಯದಲ್ಲಿ ಮೊದಲಿನಂತೆ ಉಳಿಯುವುದಿಲ್ಲ. ಗೃಹಭಂಗವನ್ನು ಓದಿದ ಮೇಲೆ ಮುತ್ತುಗದ ಎಲೆಯ ಮುಂದೆ ಕುಳಿತವನಿಗೆ ಅದರ ಕಡ್ಡಿಗಳು ಕಾಣುತ್ತವೆ.

ಚೆನ್ನಿಗರಾಯನ ಪಾತ್ರವನ್ನು ಹೊಟ್ಟೆಬಾಕನ ಹಾಸ್ಯಚಿತ್ರವೆಂದು ಓದುವವರಿದ್ದಾರೆ. ಈ ಓದನ್ನು ಒಪ್ಪಲಾಗದು. ಹೊಟ್ಟೆಬಾಕನು ನಮ್ಮ ಪ್ರಹಸನಗಳ ವಿದೂಷಕನಾಗಿ ಎಷ್ಟೋ ಕಾಲದಿಂದ ಬಂದವನು ನಿಜ. ಆದರೆ ವಿದೂಷಕನ ಲಡ್ಡುಗೆಯ ಆಸೆಯಿಂದ ಯಾರ ಮಗುವೂ ಉಪವಾಸ ಬೀಳುವುದಿಲ್ಲ. ಚೆನ್ನಿಗರಾಯನ ಕೈಗೆ ಕಾಸು ಬಂದರೆ ಅದು ಹೋಟೆಲಿನ ತಿಂಡಿಯಾಗಿ ಅವನೊಬ್ಬನ ಹೊಟ್ಟೆ ಸೇರುತ್ತದೆ. ಮನೆಯಲ್ಲಿ ಮಕ್ಕಳಿದ್ದಾರೆಂಬ ನೆನಪು ಆ ಹೊತ್ತಿನಲ್ಲಿ ಅವನಿಗೆ ಬರುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ಪೇಟೆಗೆ ಹೋದವನು ಮನೆಗೆ ಒಂದು ಪೊಟ್ಟಣ ತರಬೇಕೆಂಬುದು ಬರೆಯದ ಕಟ್ಟಳೆ. ಕಾರಾಸೇವೆಯಾದರೂ ಸರಿ, ಕಲ್ಯಾಣಸೇವೆಯಾದರೂ ಸರಿ. ಆ ಪೊಟ್ಟಣ ಬಾರದ ಮನೆಯೇ ಭಂಗಗೊಂಡ ಗೃಹ. ಇದಕ್ಕೆ ಎದುರಾಗಿ ನಿಲ್ಲುವವರು ಭಿಕ್ಷೆಯಿಂದ ಬದುಕುವ ಮಹಾದೇವಯ್ಯನವರು. ಬೇಡಿ ತಂದುದರಲ್ಲಿ ಹಂಚುವ ಜಂಗಮ ಒಂದು ಕಡೆ, ಮನೆಯಲ್ಲಿದ್ದುದನ್ನು ನುಂಗುವ ಗೃಹಸ್ಥ ಮತ್ತೊಂದು ಕಡೆ. ಪ್ಲೇಗು ಮಕ್ಕಳನ್ನೂ ಮುಂದೆ ನಂಜಮ್ಮನನ್ನೂ ಒಯ್ದ ಮೇಲೆ, ಉಳಿದ ಹುಡುಗನು ಊರು ಬಿಡುವುದು ಆ ಜಂಗಮನ ಕೈ ಹಿಡಿದೇ.

ಇಲ್ಲಿ ಒಂದು ಶಂಕೆ ಏಳಬಹುದು. ಯಾರು ಉಂಡರು, ಯಾರು ಉಣ್ಣಲಿಲ್ಲ ಎಂಬ ಲೆಕ್ಕ ಸಮಾಜಶಾಸ್ತ್ರದ್ದಲ್ಲವೆ, ಸಾಹಿತ್ಯವಿಮರ್ಶೆಗೆ ಅದರಿಂದೇನು? ನಮ್ಮ ಸಮಾಧಾನವು ಭಾಷೆಯಲ್ಲಿದೆ. ಕನ್ನಡದಲ್ಲಿ ‘ಉಣ್ಣು’ ಇರುವಂತೆಯೇ ‘ಉಣಿಸು’ ಇದೆ, ‘ಬಡಿಸು’ ಇದೆ, ಹಳ್ಳಿಗರ ಬಾಯಲ್ಲಿ ‘ಇಕ್ಕು’ ಇದೆ. ಎದುರಿಗೆ ಸಿಕ್ಕವರನ್ನು ‘ಊಟ ಆಯ್ತಾ?’ ಎಂದು ವಿಚಾರಿಸುವುದೇ ನಮ್ಮ ಕಡೆಯ ಕುಶಲಪ್ರಶ್ನೆ. ಊಟದ ವರ್ಣನೆಯಲ್ಲಿ ಲೇಖಕನು ನಾಮಪದಗಳನ್ನೇ ಪೇರಿಸಿದರೆ ಭಕ್ಷ್ಯಗಳ ಯಾದಿ ಬೆಳೆಯುತ್ತದೆ. ಕ್ರಿಯಾಪದಗಳನ್ನು ಹಿಡಿದರೆ ಅಲ್ಲಿ ಜನ ಬರುತ್ತಾರೆ. ಇದು ಗದ್ಯಶಿಲ್ಪದ ವಿಷಯವೇ. ಗೃಹಭಂಗದಲ್ಲಿ ತಿನಿಸುಗಳ ಹೆಸರು ಕಡಿಮೆ, ಬೀಸುವ, ಬೇಯಿಸುವ, ಮುಚ್ಚಿಡುವ, ಎತ್ತಿಡುವ, ಕಿತ್ತು ತಿನ್ನುವ ಕ್ರಿಯೆಗಳು ಹೆಚ್ಚು.

ಅದೇ ಲೇಖಕರ ಆತ್ಮವೃತ್ತಾಂತ ‘ಭಿತ್ತಿ’ (೧೯೯೬) ಈ ಲೋಕವನ್ನು ಇನ್ನೊಂದು ಕೋನದಿಂದ ತೋರಿಸುತ್ತದೆ. ಅಲ್ಲಿ ನಮಗೆ ಮುಖ್ಯವಾದುದು ವಾರಾನ್ನ. ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಂಡು ಓದುವ ಆ ಪದ್ಧತಿ ಹಳೆಯ ಮೈಸೂರಿನ ಎಷ್ಟೋ ಬಡ ಬ್ರಾಹ್ಮಣ ಬಾಲಕರನ್ನು ಪದವೀಧರರನ್ನಾಗಿ ಮಾಡಿತು. ಅದರ ಉಪಕಾರವನ್ನು ಅಲ್ಲಗಳೆಯಲಾಗದು. ಆದರೆ ವಾರದ ಹುಡುಗನಿಗೆ ಪ್ರತಿ ದಿನವೂ ಬೇರೊಂದು ಮನೆಯ ಅಡುಗೆ, ಯಾವುದೂ ತನ್ನ ಮನೆಯದಲ್ಲ. ಬಡಿಸುವವರ ಮುಖವನ್ನು ನೋಡಿ ಎರಡನೆಯ ಸಲ ಕೇಳಬೇಕೆ ಬೇಡವೆ ಎಂದು ನಿರ್ಧರಿಸುವ ವಿದ್ಯೆಯನ್ನು ಅವನು ಪಾಠಕ್ಕಿಂತ ಮೊದಲು ಕಲಿಯುತ್ತಾನೆ. ಆ ಪದ್ಧತಿಯ ಬಾಗಿಲು ಒಂದು ಜಾತಿಯ ಹುಡುಗರಿಗೆ ತೆರೆದು ಉಳಿದವರಿಗೆ ಮುಚ್ಚಿತ್ತೆಂಬುದನ್ನೂ ಮರೆಯತಕ್ಕದ್ದಲ್ಲ.

ಈ ಮಾತು ನಮ್ಮನ್ನು ಒಂದು ಕೊರತೆಯ ಕಡೆಗೆ ಒಯ್ಯುತ್ತದೆ. ಗೊರೂರರ ಪಂಕ್ತಿಯೂ ಭೈರಪ್ಪನವರ ಒಲೆಯೂ ಬ್ರಾಹ್ಮಣರ ಮನೆಯವು. ಈ ಸೀಮೆಯ ಬಹುಜನರ ಮುದ್ದೆ, ಹೊಸತೊಡಕಿನ ಬಾಡು, ಕೊಯ್ಲಿನ ಕಾಲಕ್ಕೆ ಹೊಲಕ್ಕೆ ಹೊತ್ತ ಬುತ್ತಿ ಇವು ಬೀಸುವ ಪದಗಳಲ್ಲಿ ಉಳಿದಷ್ಟು ಗದ್ಯದಲ್ಲಿ ಉಳಿದಿಲ್ಲ. ಹೋಲಿಕೆಗಾಗಿ ಮೈಸೂರಿನ ದಕ್ಷಿಣದ ಸೀಮೆಯಿಂದ ಬಂದ ದೇವನೂರ ಮಹಾದೇವರ ‘ಒಡಲಾಳ’ವನ್ನು ನೋಡಬಹುದು. ಕದ್ದು ತಂದ ಕಡಲೆಕಾಯಿಯನ್ನು ಸಾಕವ್ವನ ಮನೆಯವರೆಲ್ಲ ರಾತ್ರಿ ಒಟ್ಟಿಗೆ ಕುಳಿತು ತಿನ್ನುವ ಅಲ್ಲಿನ ಸಂದರ್ಭಕ್ಕೆ ಸಮನಾದ ಕುಟುಂಬಭೋಜನ ಕನ್ನಡದಲ್ಲಿ ವಿರಳ. ಎಲೆಯಿಲ್ಲ, ಪಂಕ್ತಿಯಿಲ್ಲ, ಬೆಳಗಾದರೆ ಪೊಲೀಸರು. ಆದರೂ ಔತಣವೆಂಬ ಹೆಸರು ಅದಕ್ಕೆ ಸಲ್ಲುತ್ತದೆ, ಏಕೆಂದರೆ ಅಲ್ಲಿ ಯಾರೂ ಹೊರಗುಳಿದಿಲ್ಲ.

ಇನ್ನು ಪಟ್ಟಣದ ಮಾತು. ಹಾಸನ ಜಿಲ್ಲೆಯ ಹಳ್ಳಿಗಳನ್ನು ಬಿಟ್ಟ ಅನೇಕ ಮನೆತನಗಳು ಬೆಂಗಳೂರಿನಲ್ಲಿ ಅಯ್ಯಂಗಾರ್ ಬೇಕರಿಗಳನ್ನು ತೆರೆದು, ಖಾರಾ ಬನ್ನು, ದಿಲ್‌ಪಸಂದ್‌ಗಳನ್ನು ಹುಟ್ಟುಹಬ್ಬಗಳ ಸಾಮಾನ್ಯ ತಿಂಡಿಯನ್ನಾಗಿ ಮಾಡಿದುವು. ಮಡಿಯ ಅಡುಗೆಮನೆ ಬೀದಿಗೆ ಬಂದ ಈ ಕಥೆ ತನ್ನ ಕಾದಂಬರಿಕಾರನಿಗಾಗಿ ಕಾಯುತ್ತಿದೆ. ಬೀದಿಯ ತಿಂಡಿ ಮನೆಯೊಳಕ್ಕೆ ಬಂದ ಕಥೆಯನ್ನಂತೂ ಹಾಸನದವರೇ ಆದ, ೨೦೨೫ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿಯನ್ನು ಅನುವಾದಕಿ ದೀಪಾ ಭಾಸ್ತಿಯವರೊಡನೆ ಪಡೆದ, ಬಾನು ಮುಷ್ತಾಕ್ ಅವರು ಬರೆದಿದ್ದಾರೆ. ಮಕ್ಕಳಿಗೆ ಅರಬ್ಬಿ ಪಾಠ ಹೇಳಲು ಬಂದ ತರುಣ ಮೇಷ್ಟರ ಮನಸ್ಸೆಲ್ಲ ಗೋಬಿ ಮಂಚೂರಿಯ ಮೇಲೆ. ಮದುವೆಗೆ ಹೆಣ್ಣು ಹುಡುಕುವಾಗಲೂ ಅವನ ಪ್ರಶ್ನೆ ಅದೊಂದೇ. ಓದುತ್ತ ನಾವು ನಗುತ್ತೇವೆ. ಗೊರೂರರ ರಸಿಕರ ಸಾಲಿಗೆ ಇನ್ನೊಬ್ಬ ಬಂದನೆಂದುಕೊಳ್ಳುತ್ತೇವೆ. ಮದುವೆಯಾದ ಮೇಲೆ, ಅದನ್ನು ಮಾಡಲು ಬಾರದ ಹೆಂಡತಿ ಏಟು ತಿನ್ನುತ್ತಾಳೆ. ಏಟನ್ನೂ ಕನ್ನಡದಲ್ಲಿ ತಿನ್ನುವುದೇ; ಆ ಕ್ರಿಯಾಪದ ಇಲ್ಲಿ ತನ್ನ ಎರಡು ಅರ್ಥಗಳನ್ನೂ ಒಂದೇ ಮನೆಯಲ್ಲಿ ತೋರಿಸಿಬಿಡುತ್ತದೆ. ಚೆನ್ನಿಗರಾಯನಿಗೂ ಈ ಮೇಷ್ಟರಿಗೂ ಕಾಲ ಬೇರೆ, ಮತ ಬೇರೆ, ತಿನಿಸು ಬೇರೆ. ಮಣೆ ಮಾತ್ರ ಅದೇ.

ಕಥೆಯನ್ನು ಹೇಳುವವಳು ವಕೀಲೆ. ಕಾನೂನು ಬಲ್ಲ ಅವಳು ಕೊನೆಯಲ್ಲಿ ಹುಡುಕಲು ತೊಡಗುವುದು ಗೋಬಿ ಮಂಚೂರಿ ಮಾಡುವ ಕ್ರಮವನ್ನು. ಇದನ್ನು ಸೋಲೆಂದು ಓದಬಹುದು, ಕರುಣೆಯೆಂದು ಓದಬಹುದು, ನ್ಯಾಯಾಲಯಕ್ಕಿಂತ ಬೇಗ ಏಟನ್ನು ತಪ್ಪಿಸುವ ಉಪಾಯವೆಂದೂ ಓದಬಹುದು. ಮೂರನೆಯ ಓದಿನ ಕಡೆಗೆ ನಮ್ಮ ಒಲವು. ನಂಜಮ್ಮನು ಗಂಡ ಬರೆಯಬೇಕಾಗಿದ್ದ ಲೆಕ್ಕವನ್ನು ತಾನೇ ಬರೆದುದೂ ಇಂಥದೇ ಉಪಾಯವಾಗಿತ್ತು.