ಮೋರ್ಸ್ ಕೇಳುವ ಬಗೆ: ಹೊಸ ರಸಿಕರಿಗೊಂದು ಕೈಪಿಡಿ

ಮೋರ್ಸ್ ಸಂಕೇತವನ್ನು ಹವ್ಯಾಸವಾಗಿ ಕಲಿಯಬಯಸುವವರ ಕೈಗೆ ಸಾಮಾನ್ಯವಾಗಿ ಮೊದಲು ಸಿಗುವುದು ಚುಕ್ಕಿ ಮತ್ತು ಗೆರೆಗಳ ಒಂದು ಪಟ್ಟಿ. ಕಲಿಕೆ ಹದಗೆಡುವುದೂ ಹೆಚ್ಚಾಗಿ ಅಲ್ಲಿಂದಲೇ. ಪಟ್ಟಿಯನ್ನು ಉರುಹೊಡೆದವರು ಕಿವಿಗೆ ಬಿದ್ದ ಸದ್ದನ್ನು ಚುಕ್ಕಿ ಗೆರೆಗಳಾಗಿ ಎಣಿಸಿ, ಆ ಚಿತ್ರವನ್ನು ನೆನಪಿನ ಪಟ್ಟಿಯಲ್ಲಿ ಹುಡುಕಿ, ಅಕ್ಷರವನ್ನು ಗುರುತಿಸುವಷ್ಟರಲ್ಲಿ ಮುಂದಿನ ಒಂದೆರಡು ಅಕ್ಷರಗಳು ದಾಟಿಹೋಗಿರುತ್ತವೆ. ಮೋರ್ಸ್ ಕೇಳಿ ಸವಿಯಬೇಕಾದ ವಿದ್ಯೆಯೆಂಬುದನ್ನು ಮೊದಲ ದಿನವೇ ಒಪ್ಪಿಕೊಂಡವರಿಗೆ ದಾರಿ ಬಹುಮಟ್ಟಿಗೆ ಸಲೀಸಾಗುತ್ತದೆ.

ಇದರ ಇತಿಹಾಸವೂ ಈ ಮಾತನ್ನೇ ಸಮರ್ಥಿಸುತ್ತದೆ. ಸ್ಯಾಮುಯೆಲ್ ಮೋರ್ಸ್ ಮತ್ತು ಆಲ್ಫ್ರೆಡ್ ವೇಲ್ ರೂಪಿಸಿದ, 1844ರ ಮೇ 24ರಂದು ವಾಷಿಂಗ್ಟನ್ನಿನಿಂದ ಬಾಲ್ಟಿಮೋರಿಗೆ ಸಂದೇಶ ಒಯ್ದ ಯಂತ್ರವು ಕಾಗದದ ಪಟ್ಟಿಯ ಮೇಲೆ ಗುರುತು ಮೂಡಿಸುವಂಥದಾಗಿತ್ತು. ಆದರೆ ಅದರ ಮುಂದೆ ದಿನವಿಡೀ ಕುಳಿತ ನೌಕರರು ಕಾಗದವನ್ನು ನೋಡದೆ, ಯಂತ್ರದ ಟಕಟಕ ಸದ್ದನ್ನಷ್ಟೇ ಕೇಳಿ ಸಂದೇಶ ಬರೆದುಕೊಳ್ಳತೊಡಗಿದರು; ಕಾಲಕ್ರಮದಲ್ಲಿ ಕಾಗದವನ್ನೇ ಕೈಬಿಟ್ಟು, ಬರಿಯ ಸದ್ದು ಮಾಡುವ ‘ಸೌಂಡರ್’ ಎಂಬ ಉಪಕರಣ ಬಳಕೆಗೆ ಬಂತು. 1848ರಲ್ಲಿ ಜರ್ಮನಿಯ ಫ್ರೀಡ್ರಿಕ್ ಗೆರ್ಕೆ ಪರಿಷ್ಕರಿಸಿದ ಸಂಕೇತಮಾಲೆಯು 1865ರ ಪ್ಯಾರಿಸ್ ಸಮ್ಮೇಳನದ ಬಳಿಕ ಅಂತರರಾಷ್ಟ್ರೀಯ ಮಾದರಿಯಾಗಿ, ಇಂದಿಗೂ ಅಲ್ಪಸ್ವಲ್ಪ ಸೇರ್ಪಡೆಗಳೊಡನೆ ಅದೇ ನಡೆಯುತ್ತಿದೆ. ಕರಾವಳಿಯ ಮನೆಗಳಲ್ಲಿ ‘ತಂತಿ ಬಂತು’ ಎಂದರೆ ಎದೆ ನಡುಗುತ್ತಿದ್ದ ಕಾಲವೊಂದಿತ್ತು. 2013ರ ಜುಲೈಯಲ್ಲಿ ಭಾರತದ ಸಾರ್ವಜನಿಕ ತಂತಿ ಸೇವೆ ನಿಲ್ಲುವುದಕ್ಕೆ ಬಹಳ ಮೊದಲೇ ತಂತಿ ಕಚೇರಿಗಳಲ್ಲಿ ಮೋರ್ಸ್‌ನ ಜಾಗವನ್ನು ಬೇರೆ ಯಂತ್ರಗಳು ಹಿಡಿದಿದ್ದವು. ಅದು ಜೀವಂತವಾಗಿ ಉಳಿದದ್ದು ‘ಹ್ಯಾಮ್’ ಎಂದು ಕರೆಯಲಾಗುವ ಹವ್ಯಾಸಿ ರೇಡಿಯೋದವರಲ್ಲಿ.

ಮೋರ್ಸ್‌ನ ವ್ಯಾಕರಣವೆಲ್ಲ ಕಾಲದ ಅಳತೆಯಲ್ಲಿದೆ. ಕಿರುಧ್ವನಿಯನ್ನು ‘ಡಿಟ್’ ಎಂದೂ ದೀರ್ಘಧ್ವನಿಯನ್ನು ‘ಡಾ’ ಎಂದೂ ಬಾಯಲ್ಲಿ ಹೇಳುವುದು ವಾಡಿಕೆ. ಡಿಟ್ ಒಂದು ಮಾತ್ರೆಯಾದರೆ ಡಾ ಮೂರು ಮಾತ್ರೆ. ಒಂದೇ ಅಕ್ಷರದೊಳಗಿನ ಧ್ವನಿಗಳ ನಡುವೆ ಒಂದು ಮಾತ್ರೆಯ, ಅಕ್ಷರಗಳ ನಡುವೆ ಮೂರು ಮಾತ್ರೆಯ, ಪದಗಳ ನಡುವೆ ಏಳು ಮಾತ್ರೆಯ ಮೌನ. ವೇಗವನ್ನು ನಿಮಿಷಕ್ಕೆ ಇಷ್ಟು ಪದ ಎಂದು ಅಳೆಯುವಾಗ, ಪದಾಂತ್ಯದ ಮೌನವೂ ಸೇರಿ 50 ಮಾತ್ರೆಯಾಗುವ ‘ಪ್ಯಾರಿಸ್’ ಎಂಬ ಪದವನ್ನು ಮಾನವಾಗಿ ಇಟ್ಟುಕೊಳ್ಳುತ್ತಾರೆ. ನಿಮಿಷಕ್ಕೆ 20 ಪದಗಳ ವೇಗದಲ್ಲಿ ಒಂದು ಡಿಟ್ 60 ಮಿಲಿಸೆಕೆಂಡಿನಷ್ಟಿರುತ್ತದೆ. ಇಷ್ಟು ಚಿಕ್ಕ ಸದ್ದುಗಳನ್ನು ಎಣಿಸಲು ಹೋಗುವುದು ವ್ಯರ್ಥ. ಅಕ್ಷರದ ಒಟ್ಟು ನಡೆಯನ್ನು ಒಂದೇ ಗುಕ್ಕಿನಲ್ಲಿ ಹಿಡಿಯಬೇಕು.

ಬ್ರಹ್ಮಾವರ, ಕುಂದಾಪುರ, ಬೈಂದೂರಿನ ಸುತ್ತಮುತ್ತ ಬೆಳೆದವರಿಗೆ ಈ ಬಗೆಯ ಕೇಳ್ಮೆ ಹೊಸದಲ್ಲ. ಆಟಕ್ಕೆ ಮುನ್ನ ಚಂಡೆ ಬಾರಿಸಿ ಸುತ್ತಲ ಊರಿಗೆ ಸುದ್ದಿ ಮುಟ್ಟಿಸುವ ‘ಕೇಳಿ’ ಎಂಬ ಪದ್ಧತಿ ಯಕ್ಷಗಾನದಲ್ಲಿ ಇದ್ದೇ ಇದೆ. ಮಂದಾರ್ತಿ, ಸಾಲಿಗ್ರಾಮ, ಮಾರಣಕಟ್ಟೆ ಮೇಳಗಳ ಆಟಗಳನ್ನು ಚಿಕ್ಕಂದಿನಿಂದ ನೋಡಿದವರು ಝಂಪೆಯನ್ನೋ ತ್ರಿವುಡೆಯನ್ನೋ ಕಿವಿಯಿಂದಲೇ ಗುರುತಿಸುತ್ತಾರೆಯೇ ಹೊರತು ಪೆಟ್ಟುಗಳನ್ನು ಬೆರಳಿನಲ್ಲಿ ಎಣಿಸುತ್ತ ಕೂರುವುದಿಲ್ಲ. ಐರೋಡಿಯ ಹಂಗಾರಕಟ್ಟೆಯಲ್ಲಿರುವ ಯಕ್ಷಗಾನ ಕಲಾಕೇಂದ್ರದಂಥ ಕಡೆ ಕಲಿಯುವ ಮಕ್ಕಳು ಬಾಯಿತಾಳ ಹೇಳುತ್ತ ಲಯವನ್ನು ಮೈಗೂಡಿಸಿಕೊಳ್ಳುವ ಕ್ರಮವೇ ಮೋರ್ಸ್‌ಗೂ ಯೋಗ್ಯವಾದುದು: ‘ಡಾ-ಡಿ-ಡಾ’ ಎಂದು ಬಾಯಿಬಿಟ್ಟು ಹೇಳುತ್ತ, ಆ ನಡೆಯನ್ನೇ ರೋಮನ್ ಲಿಪಿಯ ‘ಕೆ’ ಅಕ್ಷರದ ಹೆಸರಾಗಿಸಿಕೊಳ್ಳಬೇಕು.

ಜರ್ಮನ್ ಮನೋವಿಜ್ಞಾನಿ ಲುಡ್ವಿಗ್ ಕಾಕ್ 1930ರ ದಶಕದಲ್ಲಿ ರೂಪಿಸಿದ ವಿಧಾನ ಈ ತತ್ತ್ವವನ್ನೇ ಆಧರಿಸಿದೆ. ಅದರಲ್ಲಿ ಮೊದಲ ಪಾಠದಲ್ಲೇ ಪೂರ್ಣ ವೇಗವಿರುತ್ತದೆ, ಆದರೆ ಅಕ್ಷರಗಳು ಎರಡೇ. ಅವುಗಳನ್ನು ನೂರಕ್ಕೆ ತೊಂಬತ್ತರಷ್ಟು ಸರಿಯಾಗಿ ಬರೆದುಕೊಳ್ಳಲು ಬಂದಮೇಲೆ ಮಾತ್ರ ಮೂರನೆಯದು ಸೇರುತ್ತದೆ. ಹ್ಯಾಮ್ ಡೊನಾಲ್ಡ್ ಫಾರ್ನ್ಸ್‌ವರ್ತ್ ಅವರ ಹೆಸರಿನಿಂದ ಪ್ರಸಿದ್ಧವಾದ ಇನ್ನೊಂದು ಉಪಾಯವೆಂದರೆ, ಪ್ರತಿ ಅಕ್ಷರವನ್ನೂ ವೇಗವಾಗಿಯೇ ನುಡಿಸಿ ಅಕ್ಷರಗಳ ನಡುವಿನ ಮೌನವನ್ನಷ್ಟೇ ಹಿಗ್ಗಿಸುವುದು. ಇದರಿಂದ ಕಲಿಯುವವರಿಗೆ ಯೋಚಿಸಲು ಬಿಡುವು ಸಿಗುತ್ತದೆ, ಅಕ್ಷರದ ನಡೆಯೂ ಕೆಡುವುದಿಲ್ಲ. ಇವೆರಡನ್ನೂ ಜೊತೆಗೂಡಿಸುವುದು ಒಳ್ಳೆಯದು. ನಿಧಾನವಾದ ಅಕ್ಷರಗಳಿಂದ ಆರಂಭಿಸುವ ಹಳೆಯ ಪಾಠಕ್ರಮವನ್ನು ಮಾತ್ರ ಯಾರಿಗೂ ಶಿಫಾರಸು ಮಾಡುವಂತಿಲ್ಲ, ಏಕೆಂದರೆ ಅದು ಎಣಿಸುವ ಚಟವನ್ನು ಬೇರೂರಿಸುತ್ತದೆ.

ಕಾಕ್ ವಿಧಾನದ ಒಂದು ಪ್ರಚಲಿತ ಪಾಠಕ್ರಮದಲ್ಲಿ ಮೊದಲು ಬರುವ ಎಂಟು ಅಕ್ಷರಗಳು ಕೆ, ಎಂ, ಯು, ಆರ್, ಇ, ಎಸ್, ಎನ್ ಮತ್ತು ಎ. ಕನ್ನಡಿಗರ ಪಾಲಿಗೆ ಇದೊಂದು ಭಾಗ್ಯವೆನ್ನಬೇಕು. ಈ ಎಂಟರಿಂದಲೇ ಕೆರೆ, ಮನೆ, ಮರ, ರಸ, ನೆರೆ, ಅರಸ, ಕನಸು, ಮನಸು, ಕುಸುಮ ಎಂಬ ಪದಗಳನ್ನು ರೋಮನ್ ಲಿಪಿಯಲ್ಲಿ ಕೂಡಿಸಬಹುದಾದ್ದರಿಂದ, ಅರ್ಥವಿಲ್ಲದ ಅಕ್ಷರಗುಂಪುಗಳ ಜೊತೆಗೆ ಬಳಕೆಯ ನುಡಿಯನ್ನೂ ಅಭ್ಯಾಸಕ್ಕೆ ಇಟ್ಟುಕೊಳ್ಳಲು ಸಾಧ್ಯ. ‘ಕೆರೆ’ ಎಂಬುದು ಡಾ-ಡಿ-ಡಾ, ಡಿಟ್, ಡಿ-ಡಾ-ಡಿಟ್, ಡಿಟ್ ಎಂದು ಕೇಳಿಸುತ್ತದೆ; ಒಟ್ಟು 27 ಮಾತ್ರೆ, ನಿಮಿಷಕ್ಕೆ 20 ಪದಗಳ ವೇಗದಲ್ಲಿ ಒಂದೂಮುಕ್ಕಾಲು ಸೆಕೆಂಡಿಗಿಂತ ಕಡಿಮೆ. ಇಂಗ್ಲಿಷಿನಲ್ಲಿ ಹೆಚ್ಚು ಬಳಕೆಯಾಗುವ ಅಕ್ಷರಗಳಿಗೆ ಚಿಕ್ಕ ಸಂಕೇತ ಎಂಬುದು ಮೂಲ ಲೆಕ್ಕಾಚಾರವಾದ್ದರಿಂದ ‘ಇ’ಗೆ ಒಂದೇ ಡಿಟ್, ‘ಟಿ’ಗೆ ಒಂದೇ ಡಾ, ಕನ್ನಡವನ್ನು ರೋಮನ್ನಿನಲ್ಲಿ ಬರೆದಾಗ ಮತ್ತೆಮತ್ತೆ ಬರುವ ‘ಎ’ಗೂ ಡಿ-ಡಾ ಎಂಬ ಪುಟ್ಟ ಸಂಕೇತವೇ ಒದಗಿದೆ. ಬ್ರಹ್ಮಾವರ ಎಂಬ ಊರಹೆಸರಿನ ಹತ್ತು ರೋಮನ್ ಅಕ್ಷರಗಳಲ್ಲಿ ನಾಲ್ಕು ‘ಎ’ಗಳೇ ಇವೆ, ಆದರೂ ಅದರ ‘ಎಚ್’ ಮತ್ತು ‘ಬಿ’ ಈ ಪಾಠಕ್ರಮದಲ್ಲಿ ತೀರ ತಡವಾಗಿ ಬರುವುದರಿಂದ ಅಲ್ಲಿಯ ಹವ್ಯಾಸಿ ತನ್ನ ಊರಿನ ಹೆಸರನ್ನು ಕೇಳಲು ಸಾಕಷ್ಟು ಕಾಯಬೇಕಾಗುತ್ತದೆ.

ಕಲಿಕೆಯ ನಡುವೆ ಪ್ರಗತಿಯೇ ನಿಂತುಹೋದಂತೆ ಕಾಣುವ ವಾರಗಳು ಬರುತ್ತವೆ. ಅಮೆರಿಕದ ಬ್ರಯನ್ ಮತ್ತು ಹಾರ್ಟರ್ ಎಂಬ ಮನೋವಿಜ್ಞಾನಿಗಳು ತಂತಿ ನೌಕರರನ್ನು ಅಧ್ಯಯನ ಮಾಡಿ 1897 ಮತ್ತು 1899ರಲ್ಲಿ ಪ್ರಕಟಿಸಿದ ಬರಹಗಳಲ್ಲಿ ಈ ಸಮತಟ್ಟು ಹಂತವನ್ನು ವಿವರಿಸಿದ್ದಾರೆ: ಅಕ್ಷರ ಹಿಡಿಯುವ ಅಭ್ಯಾಸ ಸಹಜವಾಗುವವರೆಗೆ ವೇಗ ಏರದು, ಸಹಜವಾದಮೇಲೆ ಕಿವಿ ಇಡೀ ಪದಗಳನ್ನೂ ಅನಂತರ ಪದಗುಚ್ಛಗಳನ್ನೂ ಒಟ್ಟಾಗಿ ಗ್ರಹಿಸತೊಡಗುತ್ತದೆ. ಇಂಥ ವಾರಗಳಲ್ಲಿ ದಿನಕ್ಕೆ ಹದಿನೈದಿಪ್ಪತ್ತು ನಿಮಿಷದ ಅಭ್ಯಾಸವನ್ನು ಬಿಡದೆ ನಡೆಸುವುದೇ ಮದ್ದು. ಭಾನುವಾರವೊಂದೇ ದಿನ ಗಂಟೆಗಟ್ಟಲೆ ಕೂತರೆ ದಣಿವು ಮಾತ್ರ ಉಳಿಯುತ್ತದೆ.

ನಾಲ್ಕಾರು ಅಕ್ಷರ ಬಂದೊಡನೆ ನಿಜವಾದ ರೇಡಿಯೋ ಸಂಕೇತಗಳಿಗೆ ಕಿವಿಗೊಡಬೇಕು. ಸಾಮಾನ್ಯ ಶಾರ್ಟ್‌ವೇವ್ ರೇಡಿಯೋದಲ್ಲಿ ಮೋರ್ಸ್ ಬರಿಯ ಉಸಿರಿನಂಥ ಸದ್ದಾಗಿ ಕೇಳುವುದರಿಂದ, ಅದನ್ನು ಸ್ವರವಾಗಿ ಮಾರ್ಪಡಿಸುವ ‘ಬಿಎಫ್‌ಒ’ ಎಂಬ ಮಂಡಲವುಳ್ಳ ರಿಸೀವರ್ ಬೇಕು. ಹ್ಯಾಮ್‌ಗಳ 7 ಮೆಗಾಹರ್ಟ್ಸ್ ಪಟ್ಟೆಯ ಕೆಳತುದಿಯಲ್ಲಿ ಹಗಲು ಹತ್ತಿರದ ನಿಲಯಗಳೂ ರಾತ್ರಿ ದೂರದೇಶದ ನಿಲಯಗಳೂ ಸಿಗುತ್ತವೆ. ಡಾ-ಡಿ-ಡಾ-ಡಿಟ್, ಡಾ-ಡಾ-ಡಿ-ಡಾ ಎಂದು ಮರಳಿ ಮರಳಿ ಬರುವ ನಡೆ ‘ಸಿಕ್ಯೂ’, ಅಂದರೆ ಯಾರಾದರೂ ಓಗೊಡಲಿ ಎಂಬ ಕರೆ. ಅದರ ಬೆನ್ನಿಗೇ ಕರೆದವರ ಗುರುತಿನ ಅಕ್ಷರಗಳು ಬರುತ್ತವೆ, ಭಾರತದ್ದಾದರೆ ಅವು ಹೆಚ್ಚಾಗಿ ‘ವಿಯು’ ಎಂದು ಆರಂಭವಾಗುತ್ತವೆ. ಬೀಳ್ಕೊಡುವಾಗ ಕಳಿಸುವ 73 ಎಂಬ ಶುಭಾಶಯದ ನಡೆಯಂತೂ ಬಹಳ ಸೊಗಸು: ಡಾ-ಡಾ-ಡಿ-ಡಿ-ಡಿಟ್, ಡಿ-ಡಿ-ಡಿ-ಡಾ-ಡಾ, ಮೊದಲರ್ಧ ತಿರುಗಿ ನಿಂತರೆ ಎರಡನೆಯದು. ಮುಂಗಾರಿಗೆ ಮುಂಚಿನ ಏಪ್ರಿಲ್–ಮೇ ತಿಂಗಳ ಗುಡುಗು ಮಿಂಚು ಕರಾವಳಿಯಲ್ಲಿ ರಿಸೀವರನ್ನು ಚಟಪಟ ಗದ್ದಲದಿಂದ ತುಂಬುತ್ತದೆ, ಅಂಥ ಹೊತ್ತಿನಲ್ಲಿ ಆಂಟೆನಾ ತಂತಿಯನ್ನು ಕಳಚಿಡುವುದು ಜೀವರಕ್ಷಣೆಯ ಮಾತು. ಹೊಸಬರ ಕಿವಿಗೆ ನವೆಂಬರಿನಿಂದ ಫೆಬ್ರವರಿಯವರೆಗಿನ ರಾತ್ರಿಗಳೇ ಅನುಕೂಲ. ಮಾತಿನ ಪ್ರಸಾರಕ್ಕೆ ಎರಡು ಸಾವಿರ ಹರ್ಟ್ಸ್‌ಗೂ ಮಿಕ್ಕ ಅಗಲ ಬೇಕಾದರೆ ಮೋರ್ಸ್‌ಗೆ ನೂರಿನ್ನೂರು ಹರ್ಟ್ಸ್ ಸಾಕಾಗುವುದರಿಂದ, ಮಾತು ಮುಳುಗಿಹೋಗುವಷ್ಟು ಗದ್ದಲದಲ್ಲೂ ಇದು ಕೇಳಿಬರುತ್ತದೆ.

ಕೇಳಿ ಕಲಿಯಲು ಪರವಾನಗಿ ಬೇಕಿಲ್ಲ, ಪ್ರಸಾರ ಮಾಡಲು ಬೇಕು. ಭಾರತದಲ್ಲಿ 1978ರ ಹವ್ಯಾಸಿ ರೇಡಿಯೋ ನಿಯಮಗಳನ್ನು ಆಧರಿಸಿ ನಡೆದುಬಂದ ಪರೀಕ್ಷಾಪದ್ಧತಿಯಲ್ಲಿ 12 ವರ್ಷ ತುಂಬಿದವರು ಕುಳಿತುಕೊಳ್ಳಬಹುದು. ಜಿನೀವಾದಲ್ಲಿ 2003ರಲ್ಲಿ ನಡೆದ ವಿಶ್ವ ರೇಡಿಯೋ ಸಮ್ಮೇಳನವು ಹ್ಯಾಮ್‌ಗಳಿಗೆ ಮೋರ್ಸ್ ಕಡ್ಡಾಯವೆಂಬ ಅಂತರರಾಷ್ಟ್ರೀಯ ನಿಯಮವನ್ನು ಕೈಬಿಟ್ಟಮೇಲೆ ಇದನ್ನು ಕಲಿಯುವವರಲ್ಲಿ ಬಹುಪಾಲು ಜನ ಒಲವಿನಿಂದಲೇ ಕಲಿಯುವವರು.

ಕೀಯ ಮೇಲೆ ಕೈಯಿಡುವುದು ಕಿವಿ ಪಳಗಿದಮೇಲೆ. ಒತ್ತಿದಷ್ಟೂ ಹೊತ್ತು ಸದ್ದು ಹೊರಡಿಸುವ ಸಾದಾ ಕೀಯಲ್ಲಿ ಪ್ರತಿ ಧ್ವನಿಯ ಉದ್ದವನ್ನೂ ಕೈಯೇ ನಿರ್ಧರಿಸುವುದರಿಂದ ಒಬ್ಬೊಬ್ಬರ ನುಡಿಕೆಗೆ ಒಂದೊಂದು ಛಾಯೆ ಬರುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ಕದ್ದಾಲಿಕೆ ಕೇಂದ್ರದವರು ಶತ್ರುಪಾಳಯದ ರೇಡಿಯೋ ನೌಕರರನ್ನು ಈ ಕೈಗುಣದಿಂದಲೇ ಗುರುತಿಸುತ್ತಿದ್ದರು. ಪ್ಯಾಡಲ್ ಎಂಬ ಕೀಯನ್ನು ಬಳಸಿದಾಗ ಅದಕ್ಕೆ ಜೋಡಿಸಿದ ಎಲೆಕ್ಟ್ರಾನಿಕ್ ಸಾಧನವು ಅಳತೆ ತಪ್ಪದ ಡಿಟ್ ಮತ್ತು ಡಾಗಳನ್ನು ತಾನೇ ಕೊಡುತ್ತದೆಯಾದರೂ ಮೌನದ ಅಳತೆ ಅದರಲ್ಲೂ ಬಹುಮಟ್ಟಿಗೆ ನುಡಿಸುವವರದೇ. ಹೊಸಬರು ಎಡವುವುದೂ ಈ ಮೌನದಲ್ಲೇ. ‘ಮನೆ’ ಎಂದು ಕಳಿಸುವಾಗ ಕೊನೆಯ ‘ಎನ್’ ಮತ್ತು ‘ಇ’ಗಳ ನಡುವೆ ಮೂರು ಮಾತ್ರೆ ಬಿಡದೆ ಒಂದೇ ಮಾತ್ರೆ ಬಿಟ್ಟರೆ ಡಾ-ಡಿ-ಡಿಟ್ ಎಂಬ ‘ಡಿ’ ಅಕ್ಷರವಾಗಿ, ಕೇಳುವವರ ಕಾಗದದಲ್ಲಿ ‘ಮ್ಯಾಡ್’ ಎಂಬ ಇಂಗ್ಲಿಷ್ ಪದ ಮೂಡುತ್ತದೆ. ಆದ್ದರಿಂದ ತಾನು ನುಡಿಸಿದ್ದನ್ನು ಫೋನಿನಲ್ಲಿ ಮುದ್ರಿಸಿಟ್ಟು, ಅದರ ನೆನಪು ಮಾಸಿದಮೇಲೆ, ಅಪರಿಚಿತರ ಸಂದೇಶವೆಂಬಂತೆ ಕೇಳಿ ಬರೆದುಕೊಳ್ಳುವ ಅಭ್ಯಾಸವನ್ನು ಆರಂಭದಿಂದಲೇ ಇಟ್ಟುಕೊಳ್ಳಬೇಕು.